ಗೋಡೆಯಿಂದ ಶುರುವಾದ ಪಟ್ಟಿ

ಬೀದರಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೆಚ್ಚುಕಡಿಮೆ 700 ಕಿಲೋಮೀಟರು. ಸಿಕಂದರಾಬಾದಿನ ಪಾರ್ಕ್ ಲೇನಿಗೆ 150ರ ಒಳಗೆ. ಹಾಗಾಗಿ ಕಂಪ್ಯೂಟರಿನ ವಿಷಯ ಬಂದಾಗ ನಮ್ಮ ಕಡೆಯವರ ರಾಜಧಾನಿ ಬೇರೆ. ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರನ್ನು ಎಲ್ಲರೂ 'ಸಿಟಿಸಿ' ಅಂತಲೇ ಕರೆಯುತ್ತಾರೆ. ಬೆಳಗಿನ ಗಾಡಿಗೆ ಹೋಗಿ, ರಾತ್ರಿ ತೊಡೆಯ ಮೇಲೆ ರಟ್ಟಿನ ಡಬ್ಬಿ ಇಟ್ಟುಕೊಂಡು ವಾಪಸ್ ಬರುವ ಹುಡುಗರನ್ನು ಬೀದರ್ ಸ್ಟೇಷನ್ನಿನಲ್ಲಿ ನೀವೂ ನೋಡಿರಬಹುದು. ಅಲ್ಲಿ ಚೌಕಾಶಿ ನಡೆಯುವುದು ದಖನಿಯಲ್ಲಿ, ಲೆಕ್ಕ ತೆಲುಗಿನಲ್ಲಿ, ನಮ್ಮನಮ್ಮಲ್ಲಿ ಪಿಸುಮಾತು ಕನ್ನಡದಲ್ಲಿ. ರ್‍ಯಾಮ್ ಮಾತ್ರ ಎಲ್ಲ ಭಾಷೆಯಲ್ಲೂ ರ್‍ಯಾಮ್.

2024ರ ಮದುವೆಯ ಸೀಸನ್ನಿಗೆ ಮುಂಚೆ ಈ ಮಾತು ನಮ್ಮ ಮನೆಗೂ ಬಂತು. ನಾನು ಬೀದರಿನಲ್ಲಿ ಪಾಠ ಹೇಳುವವನು. ತಮ್ಮ ಭಾಲ್ಕಿಯಲ್ಲಿ ಮದುವೆ, ಸೀಮಂತ, ಜಾತ್ರೆಗಳ ವಿಡಿಯೋ ತೆಗೆಯುತ್ತಾನೆ. ಅಕ್ಕನ ಮನೆ ಔರಾದಿನಲ್ಲಿ. ಅವಳ ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ. ಅವನ ಜೊತೆಯವರಲ್ಲಿ ಕೆಲವರು ಪುಣೆಗೆ, ಉಳಿದವರು ಹೈದರಾಬಾದಿಗೆ ಹೋಗಿಯಾಗಿತ್ತು. ಅವನ ಬ್ಯಾಗೂ ಅರ್ಧ ತುಂಬಿತ್ತು.

ತಮ್ಮ ಆವರೆಗೆ ತೆಗೆದ ವಿಡಿಯೋಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿ ಹೈದರಾಬಾದಿಗೆ ಕಳಿಸುತ್ತಿದ್ದ. ಅಲ್ಲಿ ಒಬ್ಬರು ಎಡಿಟ್ ಮಾಡಿ ಕೊಡುತ್ತಿದ್ದರು. ಒಂದು ಮದುವೆಗೆ ಏಳೆಂಟು ಸಾವಿರ ರೂಪಾಯಿ ಆ ದಾರಿಯಲ್ಲೇ ಹೋಗುತ್ತಿತ್ತು. ಇತ್ತ ಅಕ್ಕನ ಮಗ ಬೀದರಿಗೆ ಬಂದಾಗಲೆಲ್ಲ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಗೇಮಿಂಗ್ ಅಂಗಡಿಯಲ್ಲಿ ಕೂರುತ್ತಿದ್ದ. ಆಡಿದ ಆಟದ ಒಳ್ಳೆಯ ತುಣುಕುಗಳನ್ನು ಆಯ್ದು, ಹಾಡಿನ ತಾಳಕ್ಕೆ ಕತ್ತರಿಸಿ, ಗೆಳೆಯರಿಗೆ ಕಳಿಸುವ ಹುಚ್ಚು ಅವನಿಗೆ. ಒಂದು ದಿನ ತಮ್ಮ ಆ ತುಣುಕುಗಳನ್ನು ನೋಡಿದ. ಬಂದೂಕಿನ ಸದ್ದಿಗೆ ಸರಿಯಾಗಿ ಚಿತ್ರ ಬದಲಿಸಬಲ್ಲವನು ಡೊಳ್ಳಿನ ಪೆಟ್ಟಿಗೂ ಬದಲಿಸಬಲ್ಲ ಅಂತ ಅವನಿಗೆ ಹೊಳೆಯಿತು. ಹುಡುಗ ಔರಾದಿನಲ್ಲೇ ಕೂತು ಎಡಿಟ್ ಮಾಡಲಿ, ರಾತ್ರಿ ಬೇಕಾದ ಹಾಗೆ ಆಡಿಕೊಳ್ಳಲಿ. ತಮ್ಮ 50,000 ಹಾಕುವುದು, ಅಕ್ಕ ತನ್ನ ಮಹಿಳಾ ಸಂಘದಿಂದ 40,000 ಸಾಲ ಎತ್ತುವುದು ಅಂತ ಮಾತಾಯಿತು. ಒಟ್ಟು 90,000 ರೂಪಾಯಿ. ಮಧ್ಯಸ್ಥಿಕೆ ನನ್ನ ಪಾಲಿಗೆ.

ಒಂದೇ ಯಂತ್ರಕ್ಕೆ ಎರಡು ಕೆಲಸ ಅಂದರೆ ಸುಲಭ ಅನ್ನಿಸುತ್ತದೆ. ಆದರೆ ಆಟ ಮತ್ತು ಎಡಿಟಿಂಗ್ ಬೇಡುವುದು ಬೇರೆ ಬೇರೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಅದು ತಯಾರಾಗದಿದ್ದರೆ ಆಟಗಾರ ಸತ್ತ. ಆ ಚಿತ್ರವನ್ನು ಯಾರೂ ಎತ್ತಿಡುವುದಿಲ್ಲ, ಮುಂದಿನ ಕ್ಷಣಕ್ಕೆ ಅದು ಮರೆತುಹೋಗುತ್ತದೆ. ಎಡಿಟಿಂಗ್ ಕಾಯಬಲ್ಲದು, ಮರೆಯಲಾರದು. ಆರು ಗಂಟೆಯ ಮದುವೆಯ ಒಂದು ಚಿತ್ರವೂ ಕಳೆಯಬಾರದು. ಆಟಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಎಡಿಟಿಂಗಿಗೆ ಪ್ರೊಸೆಸರ್, ರ್‍ಯಾಮ್, ಡಿಸ್ಕ್ ಎಲ್ಲವೂ ಸಮಸಮ ಬೇಕು.

ಹುಡುಗ ಯೂಟ್ಯೂಬ್ ನೋಡಿ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದಿದ್ದ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060 ಟಿಐ, 39,500. ಪ್ರೊಸೆಸರ್ ಐ5-13400ಎಫ್, 18,000. ಮದರ್‌ಬೋರ್ಡ್ 9,500. ರ್‍ಯಾಮ್ 32 ಜಿಬಿ, 6,500. ವೇಗದ ಎಸ್‌ಎಸ್‌ಡಿ ಒಂದು ಟಿಬಿ, 5,500. ಹಾರ್ಡ್ ಡಿಸ್ಕ್ ಎರಡು ಟಿಬಿ, 5,000. ಮುಂದೆ ಗಾಜು, ಒಳಗೆ ಬಣ್ಣದ ದೀಪ ಇರುವ ಕ್ಯಾಬಿನೆಟ್ಟು, ಅದರ ಜೊತೆಗೇ ಬರುವ ಎಸ್‌ಎಂಪಿಎಸ್, ಎರಡೂ ಸೇರಿ 6,000. ಸರಿಯಾಗಿ 90,000. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಲೆಕ್ಕ ನೋಡಿ ನನಗೆ ಹೆಮ್ಮೆಯೇ ಆಯಿತು.

ರ್‍ಯಾಮ್ ವಿಷಯದಲ್ಲಿ ಅವನು ಜಾಣ. 32ರ ಒಂದೇ ಪಟ್ಟಿ ಬದಲು 16ರ ಎರಡು ಬರೆದಿದ್ದ. ಎರಡಿದ್ದರೆ ಪ್ರೊಸೆಸರಿಗೆ ಎರಡು ದಾರಿಯಿಂದ ಮಾಹಿತಿ ಬರುತ್ತದೆ. ಎಸ್‌ಎಸ್‌ಡಿಯೂ ಸರಿಯೇ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರೈವತ್ತು, ಇನ್ನೂರು ಎಂಬಿ ಓದಿದರೆ, ಇದು ಸಾವಿರಗಳಲ್ಲಿ ಓದುತ್ತದೆ. ಕೆಲಸ ಅದರ ಮೇಲೆ, ಮುಗಿದದ್ದು ಹಾರ್ಡ್ ಡಿಸ್ಕಿಗೆ. ತಮ್ಮ ಮಾತ್ರ ತನ್ನ ಬಳಿ ಇರುವ ಹೊರಗಿನ ಡಿಸ್ಕಿನಲ್ಲೂ ಒಂದು ಪ್ರತಿ ಇರಲೇಬೇಕು ಅಂದ. "ಮದುವಿ ಎರಡನೇ ಸಲ ಆಗಂಗಿಲ್ಲ ಅಣ್ಣಾ. ತಾಳಿ ಕಟ್ಟೋದು ಹೋಯ್ತಂದ್ರ ಹೋಯ್ತು."

ಮೊದಲ ತಕರಾರು ಒಂದು ಅಕ್ಷರದ್ದು. 13400ರ ಮುಂದೆ 'ಎಫ್' ಇದ್ದರೆ ಆ ಪ್ರೊಸೆಸರಿನೊಳಗೆ ಸ್ವಂತ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕುವವರಿಗೆ ಅದೇಕೆ ಬೇಕು, 1,500 ಉಳಿಯಿತಲ್ಲ ಅಂತ ಹುಡುಗನ ವಾದ. ಆಟಕ್ಕಾದರೆ ಆ ವಾದ ಸರಿ. ಆದರೆ ತಮ್ಮನ ಹೊಸ ಕ್ಯಾಮೆರಾ ಚಿತ್ರವನ್ನು ಹತ್ತು ಬಿಟ್, 4:2:2 ಅನ್ನುವ ರೀತಿಯಲ್ಲಿ ಒತ್ತಿ ತುಂಬುತ್ತದೆ. ಬಣ್ಣದ ವಿವರ ಅದರಲ್ಲಿ ಹೆಚ್ಚು. ಅರಿಶಿನ ಅರಿಶಿನದ ಹಾಗೇ ಕಾಣುತ್ತದೆ. ಆ ಗಂಟನ್ನು ಬಿಚ್ಚುವ ಸೌಲಭ್ಯ ಇಂಟೆಲ್ ಪ್ರೊಸೆಸರಿನ ಒಳಗಿನ ಸಣ್ಣ ಗ್ರಾಫಿಕ್ಸಿನಲ್ಲಿದೆ. ಆಗ ನಾವು ನೋಡುತ್ತಿದ್ದ 40ರ ಸರಣಿಯ ದುಬಾರಿ ಕಾರ್ಡುಗಳಲ್ಲಿ ಇರಲಿಲ್ಲ. 'ಎಫ್' ತೆಗೆದುಕೊಂಡರೆ ಟೈಮ್‌ಲೈನ್ ಮೇಲೆ ವರ ಅಕ್ಷತೆ ಹಾಕಿಸಿಕೊಳ್ಳುವುದು ತಡೆತಡೆದು ಕಾಣುತ್ತದೆ. ಇದನ್ನು ಹುಡುಗ ಒಪ್ಪಿದ.

ಎರಡನೆಯ ತಕರಾರು ಶುರುವಾದದ್ದು ಗೋಡೆಯಲ್ಲಿ. ಅಕ್ಕನ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಅದರ ಡಬ್ಬಿ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತಿತ್ತು. ಮನೆಯವರಿಗೆಲ್ಲ ಅದು ಅಭ್ಯಾಸವಾಗಿ, ಚಪ್ಪಲಿ ಹಾಕಿಕೊಂಡೇ ಕೂರುತ್ತಿದ್ದರು. ಯಂತ್ರ ತರುವ ಮೊದಲು ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಅವರು ಪ್ಲಗ್ಗಿನ ಮೂರನೆಯ ತೂತಿಗೂ ನ್ಯೂಟ್ರಲ್ಲಿಗೂ ಮೀಟರ್ ಹಚ್ಚಿದರು. ಎರಡೋ ಮೂರೋ ವೋಲ್ಟ್ ತೋರಿಸಬೇಕಾದಲ್ಲಿ 38 ತೋರಿಸಿತು. ಬೋರ್ಡ್ ಬಿಚ್ಚಿ ನೋಡಿದರೆ ಅರ್ಥಿಂಗ್ ತಂತಿ ಗೋಡೆಯೊಳಗೆ ನಾಲ್ಕು ಬೆರಳು ಹೋಗಿ ನಿಂತಿತ್ತು. ಮಣ್ಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆಗ ನನಗೆ ಹುಡುಗನ ಪಟ್ಟಿ ಬೇರೆ ಥರ ಕಾಣತೊಡಗಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಕರೆಂಟ್ ಹೋಗದ ಊರಿನ, ಏಸಿ ಇರುವ ಕೋಣೆಯ ಪಟ್ಟಿ. ವಿಡಿಯೋದಲ್ಲಿ ಕಾರ್ಡಿನ ಬಿಸಿ ಅಳೆದು ತೋರಿಸುವವರ ಕೋಣೆಯಲ್ಲಿ ಮೇ ತಿಂಗಳ ಔರಾದ್ ಇರುವುದಿಲ್ಲ. ಹೊರಗೆ 40 ಡಿಗ್ರಿ, ಮೇಲೆ ತಗಡಿನ ಪತ್ರಾ. ಕಾರ್ಡಿನ ಫ್ಯಾನು ಎಷ್ಟು ತಿರುಗಿದರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಟ್ಟು ಊರೆಲ್ಲ ಹಾರುತ್ತದೆ. ಮುಂದೆ ಗಾಜಿರುವ ಕ್ಯಾಬಿನೆಟ್ಟಿಗೆ ಗಾಳಿ ಒಳಬರುವ ದಾರಿಯೇ ಕಿರಿದು. ಬೀದರಿನ ನೌಬಾದ್ ಕಡೆ ಬಹಮನಿ ಕಾಲದ ಸುರಂಗ ಬಾವಿ ಇದೆಯಲ್ಲ, ನೆಲದೊಳಗೆ ನೀರು ಹರಿಸಲು ಕೊರೆದ ಅದಕ್ಕೂ ಅಲ್ಲಲ್ಲಿ ಗಾಳಿಕಿಂಡಿ ಬಿಟ್ಟಿದ್ದಾರೆ. ಆರು ಸಾವಿರದ ಡಬ್ಬಿಗೆ ಅಷ್ಟೂ ಬೇಡವೇ?

ಎಸ್‌ಎಂಪಿಎಸ್ ಅನ್ನುವುದು ಯಾರೂ ನೋಡದ ಭಾಗ. ಗೋಡೆಯ 230 ವೋಲ್ಟನ್ನು ಒಳಗಿನ 12, 5, 3.3 ವೋಲ್ಟಿಗೆ ಇಳಿಸಿ ಎಲ್ಲರಿಗೂ ಹಂಚುವ ಅಡುಗೆಯವಳು ಅದು. ಕ್ಯಾಬಿನೆಟ್ಟಿನ ಜೊತೆ ಬಿಟ್ಟಿ ಬರುವಂಥದ್ದು ಮೇಲೆ ಬರೆದಷ್ಟು ವ್ಯಾಟ್ ಕೊಟ್ಟೀತೆಂಬ ಭರವಸೆಯಿಲ್ಲ. ಕೆಟ್ಟರೆ ಒಂದೊಂದು ಸಲ ತಾನೊಬ್ಬಳೇ ಹೋಗುವುದಿಲ್ಲ, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುತ್ತಾಳೆ. ಮತ್ತೆ ಯುಪಿಎಸ್. ಎಡಿಟ್ ಮುಗಿದ ವಿಡಿಯೋ ಹೊರತೆಗೆಯುವಾಗ ಕರೆಂಟ್ ಹೋದರೆ ಒಂದೂವರೆ ಗಂಟೆಯ ಕೆಲಸ ಮತ್ತೆ ಮೊದಲಿನಿಂದ. ಡಿಸ್ಕಿಗೆ ಬರೆಯುತ್ತಿರುವಾಗಲೇ ಹೋದರೆ ಕಡತವೇ ಹಾಳಾದರೂ ಆಶ್ಚರ್ಯವಿಲ್ಲ.

ಇವೆಲ್ಲಕ್ಕೂ ದುಡ್ಡು ಬರಬೇಕಾದದ್ದು ಒಂದೇ ಕಡೆಯಿಂದ, ಗ್ರಾಫಿಕ್ಸ್ ಕಾರ್ಡಿನಿಂದ. 4060 ಟಿಐ ಬದಲು ಬರೀ 4060 ತಂದರೆ 28,500. ಎರಡರಲ್ಲೂ ಎಂಟು ಜಿಬಿ ಮೆಮೊರಿ. ಆಟದಲ್ಲಿ ಸುಮಾರು ಐದನೇ ಒಂದು ಭಾಗ ಹಿಂದೆ. ಆದರೆ ಟಿಐ ತಿನ್ನುವುದು 160 ವ್ಯಾಟ್, ಇದು 115. ಕಡಿಮೆ ತಿಂದರೆ ಬಿಸಿ ಕಡಿಮೆ, ಯುಪಿಎಸ್ ಮೇಲೂ ಭಾರ ಕಡಿಮೆ. ತಮ್ಮ ಇನ್ನೊಂದು ಹೆಸರು ಕೇಳಿಬಂದಿದ್ದ, 12 ಜಿಬಿಯ 3060. ಎಡಿಟಿಂಗಿಗೆ ಆ ಹೆಚ್ಚಿನ ಮೆಮೊರಿ ಒಳ್ಳೆಯದೇ, ಆದರೆ ಅದರ ಹಸಿವು 170 ವ್ಯಾಟ್. ಸಾಮಾನ್ಯವಾಗಿ ಇಂಥ ತೀರ್ಮಾನ ವೇಗದ ಮೇಲೆ ಆಗುತ್ತದೆ. ನಮ್ಮಲ್ಲಿ ಪ್ಲಗ್ಗಿನ ಮೇಲೆ ಆಗುತ್ತಿತ್ತು.

ಹುಡುಗ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಫೋನ್ ಮಾಡಿ, "ಮಾಮಾ, ಕಾರ್ಡ್‌ದಾಗೇ ರೊಕ್ಕ ಉಳಿಸಿದರ ಅದು ಗೇಮಿಂಗ್ ಪಿಸಿ ಹ್ಯಾಂಗ ಆಗ್ತದ?" ಅಂದ. ದನಿ ಒಡೆದಿತ್ತು. ಅದು ಹಟವಾಗಿರಲಿಲ್ಲ. ಹೈದರಾಬಾದಿಗೆ ಹೋದ ಗೆಳೆಯರು ಸಂಬಳದಲ್ಲಿ ಕೊಂಡ ಯಂತ್ರಗಳ ಫೋಟೋ ಕಳಿಸುತ್ತಿದ್ದರು. ಊರಲ್ಲೇ ಉಳಿದವನ ಬಳಿ ಅವರಿಗೆ ತೋರಿಸಲು ಒಂದಾದರೂ ಇರಬೇಕಿತ್ತು. ಉಳಿಯುವುದಕ್ಕೆ ಅವನು ಕೇಳಿದ ಬೆಲೆ ಆ ಎರಡಕ್ಷರ, ಟಿಐ. ಅದನ್ನು ಕಿತ್ತುಕೊಂಡರೆ ಅರ್ಧ ತುಂಬಿದ ಬ್ಯಾಗು ಪೂರ್ತಿ ತುಂಬುತ್ತದೇನೋ ಅಂತ ನನಗೂ ಹೆದರಿಕೆ. ಮೂರು ಸಾವಿರ ನಾನು ಹಾಕುತ್ತೇನೆ, ಏನಾದರೂ ದಾರಿ ಹುಡುಕೋಣ ಅಂತ ತಮ್ಮನಿಗೆ ಹೇಳಿದ್ದೂ ಉಂಟು.

ಆ ಭಾನುವಾರ ಔರಾದಿನಲ್ಲಿ ಎಲ್ಲರೂ ಕೂತಿದ್ದಾಗ ಅಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಮದುವಿ ಸೀಸನ್‌ದಾಗ ಇದು ಬಂದ್ ಬಿತ್ತಂದ್ರ ಸಂಘದ ಕಂತು ಯಾರು ಕಟ್ತೀರಿ?" ಯಾರೂ ಉತ್ತರ ಕೊಡಲಿಲ್ಲ. ಸಂಘದ ಸಾಲಕ್ಕೆ ಅವಳ ಜೊತೆಯ ಹೆಂಗಸರೇ ಜಾಮೀನು. ಒಬ್ಬಳು ತಪ್ಪಿದರೆ ಉಳಿದವರ ಮುಖ ನೋಡುವಂತಿಲ್ಲ. ಹುಡುಗ ನೋಟ್‌ಬುಕ್ ತಂದು, ಹಳೆಯ ಪುಟ ಮಡಿಚಿ, ಹೊಸ ಪುಟದಲ್ಲಿ ಬರೆಯತೊಡಗಿದ. ಮೊದಲ ಸಾಲು: ಅರ್ಥಿಂಗ್, 1,500. ಎರಡನೆಯದು: ಯುಪಿಎಸ್, 5,500. ಆಮೇಲೆ 'ಎಫ್' ಇಲ್ಲದ ಪ್ರೊಸೆಸರಿಗೆ ಹೆಚ್ಚಿಗೆ 1,500. ಒಳ್ಳೆಯ ಎಸ್‌ಎಂಪಿಎಸ್ 5,000, ಮುಂದೆ ಜಾಳಿಗೆಯಿರುವ ಸಾದಾ ಕ್ಯಾಬಿನೆಟ್ 3,500, ಅಂದರೆ ಮೊದಲಿಗಿಂತ 2,500 ಹೆಚ್ಚು. ಕಾರ್ಡಿನಲ್ಲಿ ಉಳಿದ 11,000 ಹೀಗೆ ಹಂಚಿಹೋಯಿತು. ಮೊತ್ತ ಮತ್ತೆ 90,000. ನನ್ನ ಮೂರು ಸಾವಿರ ಬೇಡ ಅಂದ.

ಅರ್ಥಿಂಗ್ ಗುಂಡಿ ಅವನೇ ತೋಡಿದ. ಬೀದರ್ ಊರು ಕೂತಿರುವುದು ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ, ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ. ಔರಾದಿನದು ಎರೆ ಮಣ್ಣು, ತೇವ ಹಿಡಿದಿಡುತ್ತದೆ. ಕರೆಂಟಿಗೆ ನೆಲ ಸೇರಲು ತೇವ ಬೇಕು. ಪೈಪಿನ ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹಾಕಿ ಮುಚ್ಚಿದರು. ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕಬೇಕು. ಬಿದರಿ ಕೆಲಸದವರು ಸತುವಿನ ಹೂಜಿಗೆ ಬೆಳ್ಳಿ ಕೂಡಿಸಿದ ಮೇಲೂ ಕೋಟೆಯ ಹಳೆ ಮಣ್ಣು ತಂದು ನವಸಾಗರದ ಜೊತೆ ಹಚ್ಚುತ್ತಾರೆ. ಹಾಗೆ ಹಚ್ಚಿದರೇ ಲೋಹ ಕಪ್ಪಾಗುವುದು, ಬೆಳ್ಳಿ ಎದ್ದು ಕಾಣುವುದು. ಗುಂಡಿ ಮುಚ್ಚುವಾಗ ನನಗೆ ಅದೇ ನೆನಪಾಯಿತು. ಎಲೆಕ್ಟ್ರಿಷಿಯನ್ ಮತ್ತೆ ಮೀಟರ್ ಹಚ್ಚಿದರು. ಎರಡು ವೋಲ್ಟ್.

ಸಾಮಾನು ಎರಡು ಕಡೆ ಕೊಂಡೆವು. ಯುಪಿಎಸ್, ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ ಬೀದರಿನಲ್ಲೇ. ಅವು ಭಾರ, ಕೆಟ್ಟರೆ ಅಂಗಡಿ ಹತ್ತಿರ ಇರಬೇಕು. ಉಳಿದದ್ದು ಸಿಟಿಸಿಯಲ್ಲಿ, ಜಿಎಸ್‌ಟಿ ಬಿಲ್ಲಿನ ಸಮೇತ. ಬಿಲ್ ಬೇಡವೆಂದರೆ ಬೆಲೆ ಇಳಿಸುವವರೂ ಇದ್ದರು. ಆದರೆ ಮೂರು ವರ್ಷದ ವಾರಂಟಿ ನಿಂತಿರುವುದು ಆ ಕಾಗದದ ಮೇಲೆ. ಜೋಡಿಸಿದ್ದು ಹುಡುಗನೇ, ಅಕ್ಕನ ಮನೆಯ ಮಂಚದ ಮೇಲೆ, ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ. ಮಾನಿಟರ್ ಹಳೆಯದೇ, 60 ಹರ್ಟ್ಸಿನದು. ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ಅದು ಹೇಗೂ ತೋರಿಸುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವನು ಒಂಬತ್ತು ಮದುವೆ ಎಡಿಟ್ ಮಾಡಿದ. ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಕೂಗುತ್ತಿತ್ತು. ಐದಾರು ನಿಮಿಷ ಸಮಯ. ಉಳಿಸಿ, ಯಂತ್ರ ಆರಿಸಿ, ಅಂಗಳಕ್ಕೆ ಬಂದು ಕೂರುತ್ತಿದ್ದ. ಅಕ್ಕ ಕಂತು ತಪ್ಪಿಸಲಿಲ್ಲ. ರಾತ್ರಿ ಆಟವೂ ನಡೆಯಿತು. ಹೈದರಾಬಾದಿನ ಗೆಳೆಯರ ಜೊತೆ ಆಡುತ್ತಾನೆ, ಒಮ್ಮೊಮ್ಮೆ ಗೆಲ್ಲುತ್ತಾನೆ. ಟಿಐ ಬೇಕಿತ್ತು ಅಂತ ಈಗಲೂ ಅನ್ನುತ್ತಾನೆ. ಅನ್ನಲಿ. ಮುಂದಿನ ವರ್ಷ ಏನಾಗುತ್ತದೋ, ಪುಣೆಯಿಂದ ಒಂದು ಕರೆ ಬಂದರೆ ಅವನು ಹೊರಡಲೂಬಹುದು. ಬ್ಯಾಗು ಮಾತ್ರ ಈಗ ಅಟ್ಟದ ಮೇಲಿದೆ.

ಮೊನ್ನೆ ನಾನು ಅಲ್ಲಿದ್ದಾಗ ಸಂತಪುರದ ಒಬ್ಬ ಹುಡುಗ ಅವನನ್ನು ಹುಡುಕಿಕೊಂಡು ಬಂದ. ಅಪ್ಪ ಸೋಯಾ ಮಾರಿದ ದುಡ್ಡು ಕೊಡುತ್ತಾನಂತೆ, ಯಾವ ಗ್ರಾಫಿಕ್ಸ್ ಕಾರ್ಡ್ ತರಲಿ ಅಂತ ಕೇಳಿದ. ಅಕ್ಕನ ಮಗ ಅವನ ಮೊಬೈಲಿನಲ್ಲಿದ್ದ ಪಟ್ಟಿ ನೋಡಲೇ ಇಲ್ಲ.

"ಕಾರ್ಡ್ ಇರ್ಲಿ. ಮೊದಲ ಹೇಳು, ನಿಮ್ಮ ಮನ್ಯಾಗ ಅರ್ಥಿಂಗ್ ಅದ ಏನು?" ಅಂದ.