ತಣ್ಣೀರಿಗೆ ಚುಳ್ಳೆನ್ನುವ ಹಲ್ಲು

ತಣ್ಣೀರು ಸೋಕಿದೊಡನೆ ಹಲ್ಲು ಚುಳ್ಳೆನ್ನುವುದು ಎನಾಮೆಲ್ ಸವೆದಿರುವುದರ ಅಥವಾ ವಸಡು ಹಿಂದೆ ಸರಿದಿರುವುದರ ಗುರುತು. ಮಡಿಕೇರಿ ಘಟ್ಟದ ಬುಡದಲ್ಲಿರುವ ಸಂಪಾಜೆಯಲ್ಲಿ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ನೀರು ಮಾಗಿಯ ಬೆಳಗಿಗೆ ಕೊರೆಯುತ್ತದೆ. ಹಲ್ಲಿನ ಸವೆತ ಮೊದಲು ಗೊತ್ತಾಗುವುದು ಆ ನೀರಿನಲ್ಲಿ ಬಾಯಿ ಮುಕ್ಕಳಿಸುವಾಗ.

ಎನಾಮೆಲ್ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಅದರ ತೂಕದ ಶೇ. 96ರಷ್ಟು ಖನಿಜ, ಅದರಲ್ಲಿ ನರವಿಲ್ಲ, ಹಾಗಾಗಿ ನೋವೂ ಇಲ್ಲ. ವಸಡಿನ ಅಂಚಿಗೆ ಬಂದಂತೆ ಅದು ತೆಳುವಾಗಿ ಮುಗಿದುಹೋಗುತ್ತದೆ. ಅದರ ಕೆಳಗಿನ ಡೆಂಟಿನ್ ಪದರದ ಒಂದೊಂದು ಚದರ ಮಿಲಿಮೀಟರಿನಲ್ಲೂ ಹತ್ತಾರು ಸಾವಿರ ಸೂಕ್ಷ್ಮ ನಾಳಗಳಿವೆ. ನಾಳದೊಳಗೆ ದ್ರವ, ಒಳತುದಿಯಲ್ಲಿ ನರ. ಡೆಂಟಿನ್ ಬಯಲಾದಾಗ ತಂಪು ತಾಗಿದರೆ ದ್ರವ ಸರಕ್ಕನೆ ಹೊರಮುಖವಾಗಿ ಸರಿದು ನರವನ್ನು ಕೆರಳಿಸುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಪ್ರಯೋಗಗಳ ಮೂಲಕ ಬೆಳೆಸಿದ ಈ ವಿವರಣೆಯನ್ನೇ ದಂತವೈದ್ಯರು ಇಂದಿಗೂ ಒಪ್ಪುತ್ತಾರೆ. ತಂಗಾಳಿ, ಸಿಹಿ, ಹುಳಿಗಳಿಗೂ ಹಲ್ಲು ಚುಳ್ಳೆನ್ನುವುದು ಇದೇ ಕಾರಣಕ್ಕೆ.

ಸವೆತಕ್ಕೆ ದಾರಿಗಳು ಹಲವು. ಗಡುಸು ಬ್ರಷ್ಷನ್ನು ಒತ್ತಿ ಅಡ್ಡಡ್ಡ ಉಜ್ಜುವುದು, ಇದ್ದಿಲು ಅಥವಾ ಉಮಿಕರಿಯಿಂದ ತಿಕ್ಕುವುದು ಹಲ್ಲಿನ ಬುಡವನ್ನು ಕೊರೆಯುತ್ತವೆ. ಬಾಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ಪುನರ್ಪುಳಿ, ನಿಂಬೆ ಶರಬತ್ತು, ಸೋಡಾ ಪಾನೀಯಗಳನ್ನು ದಿನವಿಡೀ ಗುಟುಕರಿಸುವವರಿಗೆ ಈ ಅಪಾಯ ಹೆಚ್ಚು. ಊಟದ ಜೊತೆ ಒಮ್ಮೆ ಹೊಟ್ಟೆ ಸೇರುವ ಹುಳಿಯಿಂದ ಅಷ್ಟು ಕೇಡಿಲ್ಲ.

ಸಂಪಾಜೆಯ ಕಡೆ ಅಡಿಕೆಯ ಪಾಲನ್ನು ಬಿಟ್ಟು ಈ ಮಾತು ಪೂರ್ಣವಾಗದು. ಹಳದಿ ಎಲೆ ರೋಗ ತೋಟಗಳನ್ನು ದಶಕಗಳಿಂದ ಕಾಡುತ್ತಿದ್ದರೂ ಅಡಿಕೆ ಇಲ್ಲಿನವರ ಜೀವನಾಧಾರ. ಆದರೆ ಒಣಗಿದ ಅಡಿಕೆಯನ್ನು ವರ್ಷಗಟ್ಟಲೆ ಜಗಿದರೆ ದವಡೆಹಲ್ಲಿನ ತಲೆ ಸವೆದು ಸಮತಟ್ಟಾಗುತ್ತದೆ. ಗೋಟು ಅಡಿಕೆಯನ್ನು ಹಲ್ಲಿನಲ್ಲೇ ಒಡೆಯುವವರಿಗೆ ಹಲ್ಲು ಬಿರುಕು ಬಿಡುವುದೂ ಉಂಟು. ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿಟ್ಟುಕೊಂಡರೆ ಅಲ್ಲಿಯ ವಸಡು ಸರಿದು ಬೇರು ಬಯಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರ ನಾಡಿನಲ್ಲಿ ಕಹಿಯೆನಿಸಿದರೂ ಹೇಳಲೇಬೇಕಾದ ಸಂಗತಿಯಿದು.

ಉಪಶಮನ ಕಷ್ಟದ್ದಲ್ಲ. ಶೇ. 5 ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ನರದ ಕೆರಳಿಕೆಯನ್ನು ತಗ್ಗಿಸುತ್ತದೆ. ಸ್ಟಾನಸ್ ಫ್ಲೋರೈಡ್ ಅಥವಾ ಅರ್ಜಿನೈನ್ ಇರುವಂಥವು ನಾಳದ ಬಾಯಿ ಮುಚ್ಚುತ್ತವೆ. ದಿನಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಬಳಸಿದರೇ ಗುಣ ಕಾಣುವುದು. ನಾಲ್ಕು ದಿನಕ್ಕೆ ಕೈಬಿಟ್ಟು ಔಷಧವನ್ನು ದೂರುವುದು ಸರಿಯಲ್ಲ. ಮೆದು ಬ್ರಷ್ ಹಗುರವಾಗಿ ಆಡಿಸಬೇಕು, ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು. ಹುಳಿ ಕುಡಿದ ನಂತರ ಬರೀ ನೀರಿನಲ್ಲಿ ಮುಕ್ಕಳಿಸಿ, ಬ್ರಷ್ ಹಿಡಿಯುವ ಮುನ್ನ ಅರ್ಧ ಗಂಟೆಯಾದರೂ ತಡೆಯಬೇಕು. ಲವಂಗದೆಣ್ಣೆ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ, ಸವೆತವನ್ನು ಸರಿಪಡಿಸುವುದಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ದಂತವೈದ್ಯರು ಫ್ಲೋರೈಡ್ ವಾರ್ನಿಷ್ ಲೇಪಿಸುತ್ತಾರೆ, ಕೊರೆದ ಬುಡವನ್ನು ಸಿಮೆಂಟಿನಿಂದ ತುಂಬುತ್ತಾರೆ.

ತಂಪು ಹೋದ ಮೇಲೂ ನೋವು ನಿಂತರೆ, ಬಿಸಿಗೂ ನೊಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಅಥವಾ ಕಚ್ಚಿದಾಗ ಒಂದೇ ಹಲ್ಲು ಚುಚ್ಚಿದರೆ ಹುಳುಕೋ ಬಿರುಕೋ ಒಳಗಿನ ತಿರುಳನ್ನು ಮುಟ್ಟಿರಬಹುದು. ಅಲ್ಲಿ ಪೇಸ್ಟ್ ಕೆಲಸ ಮಾಡದು. ಕೊಡಗಿನ ದಂತ ವೈದ್ಯಕೀಯ ಕಾಲೇಜು ವಿರಾಜಪೇಟೆಯಲ್ಲಿದ್ದರೂ ಸಂಪಾಜೆಯವರಿಗೆ ಹತ್ತಿರದ್ದು ಸುಳ್ಯದ ಕೆ.ವಿ.ಜಿ. ದಂತ ಕಾಲೇಜು. ಇನ್ನೊಂದು ಬದಿಯಲ್ಲಿ ಜಗಿಯುತ್ತಾ ದಿನ ದೂಡದೆ, ಹಲ್ಲು ಉಳಿಯುವಂತಿರುವಾಗಲೇ ವೈದ್ಯರಿಗೆ ತೋರಿಸಿಕೊಳ್ಳಬೇಕು.