ಅಜ್ಜಿಯ ಪೂರ್ಣ ವರ್ತಮಾನ

ಅರವತ್ತೆಂಟನೆಯ ವಯಸ್ಸಿನಲ್ಲಿ ಇಂಗ್ಲಿಷು ಕಲಿಯುತ್ತೇನೆಂದು ಹೊರಟವರನ್ನು ಕಂಡು ನಗುವುದು ಸುಲಭ. ಮೈಸೂರಿನ ಅಗ್ರಹಾರದ ಆ ಮನೆಯಲ್ಲಿ ಮೊದಲ ದಿನ ಎಲ್ಲರೂ ನಕ್ಕರು. ಎರಡನೆಯ ದಿನ ಮಗ ನಗಲಿಲ್ಲ. ಮೂರನೆಯ ದಿನ ಸೊಸೆ ತಾನಾಗಿಯೇ ಒಂದು ನೋಟುಪುಸ್ತಕವನ್ನೂ ಎರಡು ಸೀಸದಕಡ್ಡಿಗಳನ್ನೂ ತಂದುಕೊಟ್ಟಳು.

ಅಜ್ಜಿಯ ಹಠಕ್ಕೆ ಕಾರಣವಿತ್ತು. ಹಿರಿಯ ಮಗನ ಸಂಸಾರ ಅಮೆರಿಕದಲ್ಲಿ ನೆಲೆಸಿ ಹದಿನೈದು ವರ್ಷಗಳಾಗಿದ್ದುವು. ಅಲ್ಲಿಯೇ ಹುಟ್ಟಿ ಬೆಳೆದ ಹನ್ನೊಂದು ವರ್ಷದ ಮೊಮ್ಮಗನಿಗೆ ಕನ್ನಡ ಬಾರದು. ದೂರವಾಣಿಯಲ್ಲಿ "ಹಲೋ ಅಜ್ಜಿ" ಎಂಬಲ್ಲಿಗೆ ಅವನ ಕನ್ನಡ ಮುಗಿಯುತ್ತಿತ್ತು. "ಹಲೋ ಮಗೂ" ಎಂಬಲ್ಲಿಗೆ ಅಜ್ಜಿಯ ಇಂಗ್ಲಿಷು. ಆಮೇಲೆ ಎರಡು ಕಡೆಯೂ ಉಸಿರು ಮಾತ್ರ ಕೇಳಿಸುತ್ತಿತ್ತು. ಹೀಗಿರುವಾಗ ಅವನ ಶಾಲೆಯಲ್ಲಿ ತಂತಮ್ಮ ಮನೆತನವನ್ನು ಕುರಿತು ಪ್ರಬಂಧ ಬರೆಯಲು ಹೇಳಿದರಂತೆ. ತಾತ ಎಂಥವರು, ಏನು ಮಾಡಿದರು, ತಿಳಿಸಬೇಕೆಂದು ಅವನಿಂದ ಕಾಗದ ಬಂತು. ತಾತ ತೀರಿಕೊಂಡು ಆಗ ಮೂರು ವರ್ಷ. "ಇದಕ್ಕೆ ಬೇರೆ ಯಾರೂ ಉತ್ತರ ಬರೆಯಕೂಡದು. ನಾನೇ ಬರೆಯುತ್ತೇನೆ" ಎಂದರು ಅಜ್ಜಿ.

ಗುರುಸ್ಥಾನ ಒದಗಿದ್ದು ಕಿರಿಯ ಮಗನ ಮಗಳಿಗೆ. ಅವಳು ಹತ್ತನೆಯ ತರಗತಿಯಲ್ಲಿದ್ದಳು. ಪಠ್ಯಪುಸ್ತಕ ತಾತನ ಪೆಟ್ಟಿಗೆಯಲ್ಲಿಯೇ ಸಿಕ್ಕಿತು: ರೆನ್ ಮತ್ತು ಮಾರ್ಟಿನ್ ಎಂಬ ಇಬ್ಬರು ಬರೆದ ಇಂಗ್ಲಿಷ್ ವ್ಯಾಕರಣ. 1930ರ ದಶಕದಿಂದ ಈ ದೇಶದ ಎಷ್ಟೋ ತಲೆಮಾರುಗಳನ್ನು ಬೆವರಿಸಿದ ಗ್ರಂಥವದು. ಅವರಲ್ಲಿ ರೆನ್ ಸಾಹೇಬ ಇಂಡಿಯಾದ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿದವನು. 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿಯನ್ನು 1924ರಲ್ಲಿ ಬರೆದು ಹೆಸರಾದವನೂ ಅವನೇ. ಆದರೆ ಹುಡುಗರ ಪಾಲಿಗೆ ಅವನ ವ್ಯಾಕರಣಕ್ಕಿಂತ ದೊಡ್ಡ ಸಾಹಸ ಬೇರೆ ಇರಲಿಲ್ಲ.

ಸಾಮಾನ್ಯ ವರ್ತಮಾನ, ಸಾಮಾನ್ಯ ಭೂತ ಎರಡನ್ನೂ ಅಜ್ಜಿ ಎರಡು ವಾರಗಳಲ್ಲಿ ದಾಟಿದರು. ಬಂಡಿ ನಿಂತದ್ದು ಪ್ರೆಸೆಂಟ್ ಪರ್ಫೆಕ್ಟಿನಲ್ಲಿ. ಎಂದರೆ ಪೂರ್ಣ ವರ್ತಮಾನದಲ್ಲಿ.

"ಹೆಸರು ವರ್ತಮಾನ, ಕೆಲಸವೆಲ್ಲ ಆಗಿಹೋದದ್ದು. ಇದೆಂಥ ಲೆಕ್ಕ?"

"ಐ ಹ್ಯಾವ್ ಈಟನ್. ತಿಂದಿದ್ದೇನೆ ಅಂತ, ಅಜ್ಜಿ."

ಅಜ್ಜಿಯ ಮುಖ ಅರಳಿತು. ತಿಂದು, ಇದ್ದೇನೆ: ತಿಂದದ್ದು ಹಿಂದೆ, ಇರುವುದು ಈಗ. ಇದು ನಮ್ಮ ಮನೆಯ ಪದಾರ್ಥವೇ! ಆ ಸಂತೋಷದಲ್ಲಿ ಅವರು ಕೂಡಲೇ ಒಂದು ವಾಕ್ಯ ರಚಿಸಿದರು: "ಐ ಹ್ಯಾವ್ ಗಾನ್ ಟು ಕಾಶಿ ಇನ್ 1998."

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಾಗೆಂದರೆ ನೀನು ಇನ್ನೂ ಕಾಶಿಯಲ್ಲೇ ಇದ್ದೀ ಎಂದರ್ಥ. ಇಲ್ಲಿ ಕೂತು ಹಪ್ಪಳ ಒತ್ತುತ್ತಿರುವವರು ಯಾರು?" ಹೋಗಿ ಹಿಂದಿರುಗಿದವರು 'ಗಾನ್' ಎನ್ನಬಾರದು, 'ಬೀನ್' ಎನ್ನಬೇಕು. ಅದಾದರೂ ಹೋಗಲಿ, ಇಸವಿಯನ್ನು ಹೇಳಿದೊಡನೆ 'ಹ್ಯಾವ್' ನಿಲ್ಲುವುದಿಲ್ಲ. ನಿನ್ನೆ, ಹೋದ ವಾರ, 1998, ಇವುಗಳಲ್ಲಿ ಯಾವುದು ತಾಗಿದರೂ ಅದು ಕೆಟ್ಟಿತು. ಅಲ್ಲಿ ಬರಿಯ 'ವೆಂಟ್' ಎನ್ನಬೇಕು.

"ಹಾಗೆನ್ನು! ಇದು ಮಡಿಯ ಕಾಲ. ನಿನ್ನೆ ಮುಟ್ಟಿದರೆ ಮೈಲಿಗೆ" ಎಂದರು ಅಜ್ಜಿ. ರೆನ್ ಮತ್ತು ಮಾರ್ಟಿನ್ನರು ಅನೇಕ ಉದಾಹರಣೆಗಳಿಂದ ತಿಳಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಕಟ್ಟಿಕೊಂಡರು. ಮತ್ತೆ ಆ ತಪ್ಪನ್ನು ಮಾಡಲಿಲ್ಲ.

ಕನ್ನಡಿಗರು ಎಡವುವ ಜಾಗವೇ ಇದು. ನಮ್ಮಲ್ಲಿಲ್ಲದ ವಸ್ತುವಾಗಿದ್ದರೆ ಎಚ್ಚರದಿಂದ ಕಲಿಯುತ್ತಿದ್ದೆವು. ಇರುವಂತೆ ತೋರಿ, ಪೂರ್ತಿ ಹೊಂದದಿರುವುದೇ ತೊಡಕು. "ನಿನ್ನೆ ಅವನನ್ನು ನೋಡಿದ್ದೇನೆ" ಎಂದರೆ ಕನ್ನಡ ಬೇಸರಪಡುವುದಿಲ್ಲ. ಇಂಗ್ಲಿಷು ಹುಬ್ಬು ಗಂಟಿಕ್ಕುತ್ತದೆ. "ಬೆಳಗಿನಿಂದ", "ಹತ್ತು ವರ್ಷದಿಂದ" ಎರಡಕ್ಕೂ ನಮಗೆ ಒಂದೇ ಪ್ರತ್ಯಯ ಸಾಕು. ಅವರು ಮೊದಲನೆಯದಕ್ಕೆ 'ಸಿನ್ಸ್', ಎರಡನೆಯದಕ್ಕೆ 'ಫಾರ್' ಎಂದು ಬೇರೆ ಬೇರೆ ಪಾತ್ರೆ ಇಟ್ಟಿದ್ದಾರೆ. ಮತ್ತೆ, ಅವರು 'ಹ್ಯಾವ್' ಎನ್ನುವ ಕಡೆ ನಾವು ಬರಿಯ ಭೂತಕಾಲದಲ್ಲಿ "ಊಟವಾಯಿತೆ?" ಎಂದು ಕೇಳುತ್ತೇವೆ. ಬಾಗಿಲು ತಟ್ಟಿದವರಿಗೆ ಒಲೆಯ ಮುಂದಿನಿಂದ ಏಳದೆಯೇ "ಬಂದೆ, ಬಂದೆ" ಎಂದು ಕೂಗುತ್ತೇವೆ. ಬಂದೇ ಇಲ್ಲದವಳು 'ಬಂದೆ' ಎನ್ನುವುದನ್ನು ರೆನ್ ಸಾಹೇಬ ಕೇಳಿದ್ದರೆ ಏನೆನ್ನುತ್ತಿದ್ದನೊ!

ಇನ್ನೊಂದು ವಿಚಿತ್ರವುಂಟು. ನಾವು 'ಇದ್ದೇನೆ' ಎನ್ನುವಲ್ಲಿ ಇಂಗ್ಲಿಷು 'ಹೊಂದಿದ್ದೇನೆ' ಎನ್ನುತ್ತದೆ. ಬಹು ಹಿಂದೆ ಆ ಭಾಷೆಯಲ್ಲಿ 'ಬರೆದು ಮುಗಿದ ಕಾಗದ ನನ್ನ ಬಳಿ ಇದೆ' ಎಂಬಂಥ ಅರ್ಥದಲ್ಲಿ ಹುಟ್ಟಿದ ಮಾತು ಅದು. ಕ್ರಮೇಣ ಕಾಗದದ ಒಡೆತನ ಹೋಗಿ, ಬರೆದ ಕೆಲಸದ ಒಡೆತನ ಉಳಿಯಿತು. ಆದರೆ ಬರುವುದು, ಹೋಗುವುದು ಮುಂತಾದ ಕ್ರಿಯೆಗಳಿಗೆ ಶೇಕ್ಸ್‌ಪಿಯರನ ಕಾಲದಲ್ಲಿಯೂ 'ಹೀ ಈಸ್ ಕಮ್' ಎಂಬ ಪ್ರಯೋಗ ಧಾರಾಳವಾಗಿತ್ತು. ಜರ್ಮನರೂ ಫ್ರೆಂಚರೂ ಈಗಲೂ ಹಾಗೆಯೇ ಹೇಳುತ್ತಾರೆ. 'ಬಂದು ಇದ್ದಾನೆ' ಎಂಬ ನಮ್ಮ ಮಾತಿಗೆ ಅದು ದೂರದ ನೆಂಟ.

ಎರಡು ತಿಂಗಳಾದ ಮೇಲೆ ಅಜ್ಜಿ ಕಾಗದಕ್ಕೆ ಕುಳಿತರು. ಒಂದು ಮಧ್ಯಾಹ್ನವೆಲ್ಲ ಬರೆದು ಅಳಿಸಿ, ಆರು ವಾಕ್ಯಗಳನ್ನು ಗುರುವಿನ ಮುಂದಿಟ್ಟರು. ಮೊದಲನೆಯದು ಹೀಗಿತ್ತು: "ಯುವರ್ ಗ್ರ್ಯಾಂಡ್‌ಫಾದರ್ ಹ್ಯಾಸ್ ಸೀನ್ ಜೋಗ್ ಫಾಲ್ಸ್ ತ್ರೀ ಟೈಮ್ಸ್."

ಹುಡುಗಿಯ ಕೆಂಪು ಪೆನ್ಸಿಲು 'ಹ್ಯಾಸ್' ಎಂಬುದನ್ನು ಹೊಡೆದುಹಾಕಿತು. ಎರಡನೆಯ ವಾಕ್ಯದಲ್ಲಿಯೂ ಹೊಡೆಯಿತು. ಮೂರನೆಯದಕ್ಕೆ ಬರುವಾಗ ಅಜ್ಜಿ ತಡೆದರು.

"ನಾನು ಇಸವಿ ಬರೆದಿಲ್ಲ, ನಿನ್ನೆ ಎಂದಿಲ್ಲ. ಮಡಿ ಕೆಟ್ಟಿಲ್ಲ. ಮತ್ತೇಕೆ ಹೊಡೆಯುತ್ತೀ?"

ಹುಡುಗಿ ಪೆನ್ಸಿಲನ್ನು ಕೆಳಗಿಟ್ಟಳು. ಅವಳಿಗೆ ನಿಯಮ ಗೊತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ.

"ಹ್ಯಾಸ್ ಸೀನ್ ಎಂದರೆ… ತಾತ ಇನ್ನೂ ಇದ್ದಾರೆ ಅಂತ ಆಗುತ್ತೆ ಅಜ್ಜಿ. ನಾಲ್ಕನೆಯ ಸಲವೂ ನೋಡಬಹುದು ಅಂತ."

ಅಜ್ಜಿ ಏನೂ ಹೇಳಲಿಲ್ಲ. ಪುಸ್ತಕವನ್ನು ಮುಚ್ಚಿ, ದೇವರ ಮನೆಗೆ ದೀಪ ಹಚ್ಚಲು ಎದ್ದುಹೋದರು. ಎರಡು ದಿನ ಪಾಠ ನಡೆಯಲಿಲ್ಲ. ಹುಡುಗಿ ತಾನೇನೋ ಅಪರಾಧ ಮಾಡಿದವಳಂತೆ ಅಡಿಗೆಮನೆಯ ಬಾಗಿಲಲ್ಲಿ ಸುಳಿದಾಡಿದಳು.

ಕನ್ನಡಕ್ಕೆ ಈ ನಿಷ್ಠುರವಿಲ್ಲ. ಪಂಪ ತನ್ನ ಭಾರತವನ್ನು ಮುಗಿಸಿದ್ದು 941ರಲ್ಲಿ ಎಂಬುದು ವಿದ್ವಾಂಸರ ಲೆಕ್ಕ. ಸಾವಿರ ವರ್ಷ ಕಳೆದರೂ ನಾವು "ಪಂಪ ಹೇಳಿದ್ದಾನೆ" ಎನ್ನುತ್ತೇವೆ. ಹೇಳಿ, ಇಲ್ಲಿಯೇ ಎಲ್ಲೋ ಇದ್ದಾನೆ ಎಂಬಂತೆ. "ನಿಮ್ಮ ತಾತ ಹೀಗೆ ಹೇಳಿದ್ದಾರೆ" ಎಂದು ಅಜ್ಜಿ ಮೂರು ವರ್ಷಗಳಿಂದ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಯಾವ ವ್ಯಾಕರಣವೂ ಅವರನ್ನು ತಡೆದಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕಾಫಿಯಾದ ಮೇಲೆ ಅಜ್ಜಿ ತಾವೇ ಹುಡುಗಿಯನ್ನು ಕರೆದರು. ಹೊಸ ಹಾಳೆಯಲ್ಲಿ ಹೊಸ ವಾಕ್ಯಗಳಿದ್ದುವು. "ಯುವರ್ ಗ್ರ್ಯಾಂಡ್‌ಫಾದರ್ ಸಾ ಜೋಗ್ ಫಾಲ್ಸ್ ತ್ರೀ ಟೈಮ್ಸ್. ಹೀ ಪ್ಲಾಂಟೆಡ್ ಎ ಕೋಕನಟ್ ಟ್ರೀ ಇನ್ 1980. ಇಟ್ ಹ್ಯಾಸ್ ಗ್ರೋನ್ ಟಾಲರ್ ದ್ಯಾನ್ ದಿ ಹೌಸ್. ಐ ಹ್ಯಾವ್ ಕೆಪ್ಟ್ ಹಿಸ್ ಬುಕ್ಸ್. ಐ ಹ್ಯಾವ್ ಲಿವ್ಡ್ ಇನ್ ದಿಸ್ ಹೌಸ್ ಸಿನ್ಸ್ 1979."

"ಸರಿಯಾಗಿದೆಯೆ? ಅವರಿಗೆ 'ಹ್ಯಾಸ್' ಇಲ್ಲವೆಂದೆಯಲ್ಲ. ಮರಕ್ಕೆ ಉಂಟು, ನನಗುಂಟು."

ಹುಡುಗಿ ಎರಡು ಸಲ ಓದಿದಳು. ಕೆಂಪು ಪೆನ್ಸಿಲಿಗೆ ಕೆಲಸವಿರಲಿಲ್ಲ. ಹಾಳೆಯ ಕೆಳಗೆ ಒಂದು 'ಸರಿ' ಗುರುತು ಹಾಕಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು.

ಕಾಗದ ತಲುಪಿದ ದಿನ ಮೊಮ್ಮಗ ದೂರವಾಣಿಯಲ್ಲಿ ಕರೆದ. "ಹಲೋ ಅಜ್ಜಿ" ಎಂದವನು ಈ ಸಲ ಅಲ್ಲಿಗೆ ನಿಲ್ಲಿಸಲಿಲ್ಲ. "ಡಿಡ್ ಯು ಈಟ್?" ಎಂದು ಕೇಳಿದ. ಅಜ್ಜಿ ಗಾಬರಿಗೊಂಡು ಕೈಯಿಂದ ಬಾಯಿ ಮುಚ್ಚಿ ಹುಡುಗಿಯತ್ತ ತಿರುಗಿದರು: "ಇವನಿಗೆ 'ಹ್ಯಾವ್' ಬರುವುದಿಲ್ಲವೇನೇ?"

ಅಮೆರಿಕದವರು ಇಂಥ ಕಡೆ ಎಷ್ಟೋ ಸಲ ಹಾಗೆಯೇ ಹೇಳುತ್ತಾರೆ, 'ಹ್ಯಾವ್' ಎಂದೇ ಕೇಳಬೇಕೆಂಬ ಹಠ ಇಂಗ್ಲೆಂಡಿನವರಿಗೆ ಹೆಚ್ಚು ಎಂದು ಹುಡುಗಿ ಪಿಸುಗುಟ್ಟಿದಳು. ಅಜ್ಜಿ ಒಂದು ಗಳಿಗೆ ಯೋಚಿಸಿ ನಕ್ಕುಬಿಟ್ಟರು. "ಊಟವಾಯಿತೆ ಅಂತ ಕೇಳುತ್ತಿದ್ದಾನೆ, ನಮ್ಮ ಹಾಗೆಯೇ! ಎಷ್ಟಾದರೂ ನಮ್ಮ ಮನೆಯ ಹುಡುಗ."

ಆಮೇಲೆ ಗಂಟಲು ಸರಿಮಾಡಿಕೊಂಡು, ಕಲಿತದ್ದನ್ನು ಬಿಡದೆ, ಸ್ಪಷ್ಟವಾಗಿ ಉತ್ತರ ಕೊಟ್ಟರು: "ಎಸ್ ಮಗೂ. ಐ ಹ್ಯಾವ್ ಈಟನ್."