ಮಂಗಳವಾರ, ಶುಕ್ರವಾರದ ಕಾರು

ಅಪ್ಪನ ಮಾರುತಿ 800 ಕಳೆದ ಜೂನ್‌ನಲ್ಲಿ ಮಂಡಗದ್ದೆಯ ಹತ್ತಿರ ನಿಂತುಹೋಯಿತು. ನಿಲ್ಲುವುದು ಅದಕ್ಕೆ ಹೊಸದೇನಲ್ಲ. 2004ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಮನೆಗೆ ಬಂದ ಗಾಡಿ ಅದು. ಕಂಪನಿಯವರು 2014ರಲ್ಲೇ ಅದನ್ನು ತಯಾರಿಸುವುದು ನಿಲ್ಲಿಸಿದರೂ ಅಪ್ಪ ಓಡಿಸುವುದು ನಿಲ್ಲಿಸಿರಲಿಲ್ಲ. ಆದರೆ ಆ ದಿನ ಹಿಂದಿನ ಸೀಟಿನಲ್ಲಿ ಡಯಾಲಿಸಿಸ್ ಮುಗಿಸಿಕೊಂಡು ಬರುತ್ತಿದ್ದ ಅಮ್ಮ ಇದ್ದಳು. ಹೊರಗೆ ಮಲೆನಾಡಿನ ಜೂನ್ ಮಳೆ. ಅಪ್ಪ ಬಾನೆಟ್ ಎತ್ತಿ, ಕೊಡೆ ಹಿಡಿದು, ಒಂದೂವರೆ ಗಂಟೆ ಏನೇನೋ ಮಾಡಿದರಂತೆ. ಕೊನೆಗೆ ಅಡಿಕೆ ಮೂಟೆ ಹೇರಿಕೊಂಡು ಹೋಗುತ್ತಿದ್ದ ಪಿಕಪ್‌ನವರೊಬ್ಬರು ಅಮ್ಮನನ್ನು ಮುಂದೆ ಕೂರಿಸಿಕೊಂಡು ಮನೆ ಮುಟ್ಟಿಸಿದರು. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದ ನನಗೆ ಇದೆಲ್ಲ ಗೊತ್ತಾದದ್ದು ಮರುದಿನ ಸಂಜೆ. ಅದೂ ಅಮ್ಮನ ಬಾಯಿಂದ, ತಮಾಷೆಯ ಕಥೆಯ ಹಾಗೆ.

ನಮ್ಮ ಊರು ತೀರ್ಥಹಳ್ಳಿಯಿಂದ ಹದಿಮೂರು ಕಿಲೋಮೀಟರ್ ಒಳಗೆ. ಅಮ್ಮನನ್ನು ನೋಡುವ ಡಾಕ್ಟರು ಶಿವಮೊಗ್ಗದಲ್ಲಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಐದಕ್ಕೆ ಮನೆ ಬಿಡಬೇಕು. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ, ಎರಡು-ಎರಡೂವರೆ ಕಿಲೋ ನೀರು ಮೈಯಿಂದ ತೆಗೆಸಿಕೊಂಡು, ಬಿಪಿ ಸರಿಹೋಗುವ ತನಕ ಕೂತು, ವಾಪಸು. ಹೋಗಿ ಬಂದರೆ 146 ಕಿಲೋಮೀಟರ್. 800 ಕೈಕೊಟ್ಟ ಮೇಲೆ ಬಾಡಿಗೆ ಕಾರು ಶುರುವಾಯಿತು. ಒಂದು ಸಲಕ್ಕೆ 2,800 ರೂಪಾಯಿ. ತಿಂಗಳ ಲೆಕ್ಕ ಹಾಕಿದಾಗ ಅದು ಅಪ್ಪನ ಪಿಂಚಣಿಯ ಅರ್ಧಕ್ಕಿಂತ ಹೆಚ್ಚಾಯಿತು. ಕಾರು ಕೊಳ್ಳಲೇಬೇಕು ಅನ್ನುವುದರಲ್ಲಿ ತಕರಾರು ಇರಲಿಲ್ಲ. ಯಾವುದು ಅನ್ನುವುದಷ್ಟೇ ಪ್ರಶ್ನೆ.

ಆಗ ಬಂದದ್ದು ಮಾವನ ಫೋನು. ಅಮ್ಮನ ತಮ್ಮ, ಬೆಂಗಳೂರಿನಲ್ಲಿದ್ದಾರೆ. ಅವರ ಹತ್ತಿರ 2022ರ ಕೊನೆಯಲ್ಲಿ ಕೊಂಡ ಟೊಯೋಟಾ ಹೈರೈಡರ್ ಇದೆ, ಹೈಬ್ರಿಡ್, ಬಿಡದಿಯಲ್ಲೇ ತಯಾರಾದದ್ದು. "ನಾನು ಹೇಗೂ ಬದಲಾಯಿಸುವವನಿದ್ದೆ. ಅಕ್ಕನಿಗೆ ಅಂದರೆ ಹನ್ನೊಂದು ಲಕ್ಷಕ್ಕೆ ಕೊಡ್ತೀನಿ, ಭಾವ" ಎಂದರು. ಹೊರಗೆ ಮಾರಿದರೆ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಅಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. "ನೋಡುವ" ಅಂತಷ್ಟೇ ಹೇಳಿ ಫೋನಿಟ್ಟರು. ಅಪ್ಪನ 'ನೋಡುವ' ಎಂಥದ್ದು ಅಂತ ಅವರ ಹೈಸ್ಕೂಲಿನ ಹಳೆಯ ಮಕ್ಕಳನ್ನು ಕೇಳಬೇಕು.

ಅಪ್ಪನ ಮನಸ್ಸಿನಲ್ಲಿದ್ದದ್ದು ಒಂದು ಸಣ್ಣ ಪೆಟ್ರೋಲ್ ಕಾರು. ಕ್ಲಚ್ ಇಲ್ಲದ್ದು ಬೇಕು, ಎಡಮೊಣಕಾಲು ಕೇಳುವುದಿಲ್ಲ. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿತ್ತು. ಅದಕ್ಕೆ ಮೊದಲು ಸೆಸ್ ಸೇರಿ ಶೇ. 29 ಇತ್ತು. ನಾಲ್ಕು ಮೀಟರಿನೊಳಗೆ ಉದ್ದ, 1,200 ಸಿಸಿಯೊಳಗೆ ಎಂಜಿನ್ ಇರುವ ಪೆಟ್ರೋಲ್ ಕಾರುಗಳಿಗೆ ಈ ರಿಯಾಯಿತಿ. ಮಾವನದರಂಥ ಉದ್ದದ ಹೈಬ್ರಿಡ್ ಹೊಸದಾಗಿ ಕೊಂಡರೆ ಶೇ. 40. ಎಣ್ಣೆ ಉಳಿಸುವ ಗಾಡಿಗೆ ಹೆಚ್ಚು ತೆರಿಗೆ ಏಕೆ ಅಂತ ನಾನು ಒಂದು ಸಂಜೆಯಿಡೀ ಅಪ್ಪನ ಮುಂದೆ ವಾದ ಮಾಡಿದೆ, ಅವರೇ ಹಣಕಾಸು ಮಂತ್ರಿ ಅನ್ನುವ ಹಾಗೆ. ಅಂತೂ ಸಣ್ಣ ಕಾರು ಎಲ್ಲ ಸೇರಿ ಒಂಬತ್ತು ಲಕ್ಷಕ್ಕೆ ಕೂರುತ್ತಿತ್ತು. ಮಾವನ ಕಾರಿಗೂ ಇದಕ್ಕೂ ಎರಡು ಲಕ್ಷದ ಅಂತರ.

ನಾನು ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಡಿಕೆ ಬೆಳೆಗಾರರ ಸಾಲ ನನ್ನ ವಿಷಯ. ನಾಲ್ಕು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲವಾದ್ದರಿಂದ ದುಡ್ಡಿನ ಸಹಾಯ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಲೆಕ್ಕದ ಸಹಾಯವನ್ನಾದರೂ ಮಾಡುವ ಅಂತ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆದೆ. ನಿಜ ಹೇಳಬೇಕೆಂದರೆ ನಾನು ಆಗಲೇ ಹೈಬ್ರಿಡ್ ಪಕ್ಷ ಸೇರಿಯಾಗಿತ್ತು. ಲೆಕ್ಕ ನನ್ನ ಪಕ್ಷವನ್ನು ಗೆಲ್ಲಿಸಬೇಕಿತ್ತು.

ದೀಪಾವಳಿಗೆ ಮಾವ ಕಾರು ತಂದರು. ಸದ್ದಿಲ್ಲದೆ ಅಂಗಳಕ್ಕೆ ಬಂತು. ನಾಯಿ ಕೂಡ ತಡವಾಗಿ ಬೊಗಳಿತು. ಅಮ್ಮ ಹಿಂದಿನ ಸೀಟಿನಲ್ಲಿ ಕೂತು, ಮಾವ ಹೊರಡಿಸಿದಾಗ, ತನ್ನ ಎಡಗೈ ನನ್ನ ಕಿವಿಗೆ ಹಿಡಿದಳು. ಡಯಾಲಿಸಿಸ್‌ಗೆಂದು ಆ ಕೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿ ಹೊಲಿದ ಜಾಗ. ಅಲ್ಲಿ ರಕ್ತ ಸದಾ ಗುಂಯ್‌ಗುಡುತ್ತಿರುತ್ತದೆ, ಮುಟ್ಟಿದರೆ ಬೆರಳಿಗೆ ತಿಳಿಯುತ್ತದೆ. "ನನ್ನ ಕೈ ಮಾಡುವಷ್ಟೂ ಸದ್ದು ಮಾಡಲ್ಲ ಮಾರಾಯ್ತಿ ಇದು" ಅಂದಳು.

ಹೈಬ್ರಿಡ್ ಅಂದರೆ ಏನು ಎಂದು ಮಾವ ವಿವರಿಸಲು ಹೊರಟರು. ಅಪ್ಪ ಮೂವತ್ಮೂರು ವರ್ಷ ವಿಜ್ಞಾನ ಪಾಠ ಮಾಡಿದವರು, ಬಿಡಲಿಲ್ಲ. "ಸೈಕಲ್ಲಿಗೆ ಡೈನಮೋ ಹಾಕಿದರೆ ತುಳಿಯುವುದು ಭಾರ ಆಗ್ತದಲ್ಲ, ಆ ಭಾರವೇ ಇಲ್ಲಿ ಬ್ರೇಕು" ಎಂದು ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಪೆಟ್ರೋಲ್ ಎಂಜಿನ್ನು, ಜೊತೆಗೊಂದು ಮೋಟರು, ಒಂದು ಸಣ್ಣ ಬ್ಯಾಟರಿ. ಗೋಡೆಗೆ ಪ್ಲಗ್ ಹಾಕುವುದಿಲ್ಲ. ನಿಧಾನಿಸುವಾಗ ಚಕ್ರದ ವೇಗವೇ ವಿದ್ಯುತ್ತಾಗಿ ಬ್ಯಾಟರಿ ಸೇರುತ್ತದೆ, ಹೊರಡುವಾಗ ಅದೇ ವಿದ್ಯುತ್ತು ಗಾಡಿಯನ್ನು ತಳ್ಳುತ್ತದೆ. ಟೊಯೋಟಾದವರು 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಬಿಟ್ಟಾಗಿನಿಂದ ಮೂಲ ಉಪಾಯ ಇದೇ. ನಿಂತು ನಿಂತು ಹೋಗುವ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದರ ಲಾಭ ಹೆಚ್ಚು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ಒಂದೇ ಹದದಲ್ಲಿ ಓಡುವ ನಮ್ಮ ರಸ್ತೆಯಲ್ಲಿ ಅಷ್ಟಿಲ್ಲ. ಇದನ್ನು ನಾನು ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡೆ.

ಹಬ್ಬದ ಮರುದಿನ ಘಟ್ಟದ ಕೆಳಗಿನ ಒಂದು ಆಸ್ಪತ್ರೆಗೆ ಹೋಗುವುದಿತ್ತು. ಅಮ್ಮನಿಗೆ ಕಿಡ್ನಿ ಕಸಿಗೆ ಬೇಕಾದ ಪರೀಕ್ಷೆಗಳು. ಮಾವನ ಕಾರಿನಲ್ಲೇ ಹೊರಟೆವು. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗ ಪರದೆಯ ಮೇಲೆ ಬ್ಯಾಟರಿಯ ಗೆರೆ ಏರುತ್ತಾ ಹೋಗಿ ಅರ್ಧ ಘಟ್ಟಕ್ಕೆ ಮೊದಲೇ ತುಂಬಿತು. ಆಮೇಲೆ ಎಂಜಿನ್ನು ಒಮ್ಮೆಗೇ ಗೊರಗುಟ್ಟತೊಡಗಿತು. ಕೆಟ್ಟಿತು ಅಂತಲೇ ನಾನು ತಿಳಿದೆ. ಅಪ್ಪ ಅಮ್ಮನ ಲ್ಯಾಬ್ ರಿಪೋರ್ಟಿನ ಬೆನ್ನಿಗೆ ಲೆಕ್ಕ ಹಾಕಿದರು. ನಾವೆಲ್ಲ ಸೇರಿ ಗಾಡಿಯ ತೂಕ 1,700 ಕಿಲೋ, ಇಳಿಯುವ ಎತ್ತರ 500 ಮೀಟರ್ ಅಂದುಕೊಳ್ಳಿ, ಸುಮಾರು 83 ಲಕ್ಷ ಜೂಲ್. ಅಂದರೆ 2.3 ಯೂನಿಟ್ ಕರೆಂಟು. ಬ್ಯಾಟರಿ ಇರುವುದು 0.76 ಯೂನಿಟ್ಟಿನದು. "ಮೂರರಲ್ಲೊಂದು ಪಾಲು ಹಿಡಿದರೆ ಹೆಚ್ಚು. ಉಳಿದದ್ದನ್ನು ಎಲ್ಲಿಡ್ತದೆ ಪಾಪ. ಎಂಜಿನ್ ಸುಮ್ಮನೆ ತಿರುಗಿಸಿ ಖರ್ಚು ಮಾಡ್ತಾ ಇದೆ." ಅವರ ದನಿಯಲ್ಲಿ ಬಹಳ ದಿನದ ಮೇಲೆ ಕ್ಲಾಸಿನ ಖುಷಿ ಇತ್ತು. ಹಿಂತಿರುಗಿ ನೋಡಿದರೆ ಅಮ್ಮ ನಿದ್ದೆ ಹೋಗಿದ್ದಳು. ಆಗುಂಬೆ ಘಟ್ಟದಲ್ಲಿ ಅಮ್ಮ ನಿದ್ದೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಿಂಬೆಹಣ್ಣು, ಪ್ಲಾಸ್ಟಿಕ್ ಕವರು, ಮುಚ್ಚಿದ ಕಣ್ಣು, ಇದೇ ಅವಳ ಘಟ್ಟ.

ಆ ನಿದ್ದೆಯನ್ನು ಎಕ್ಸೆಲ್‌ನ ಯಾವ ಕಾಲಮ್ಮಿಗೆ ಹಾಕುವುದೋ ತಿಳಿಯಲಿಲ್ಲ. ಹಾಕಬಹುದಾದದ್ದನ್ನು ಹಾಕಿದೆ. ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್. ಮಾವನ ಅನುಭವದಲ್ಲಿ ಹೈಬ್ರಿಡ್ ಲೀಟರಿಗೆ 24 ಕೊಡುತ್ತದೆ, ಕಂಪನಿ ಹೇಳುವುದು 27.97. ಸಣ್ಣ ಕಾರಿಗೆ ಓಡಿಸುವವರ ಮಾತು ಕೇಳಿ 18 ಹಿಡಿದೆ. ವರ್ಷಕ್ಕೆ 208 ಲೀಟರ್ ಉಳಿತಾಯ. ಲೀಟರಿಗೆ 103 ರೂಪಾಯಿಯಂತೆ 21 ಸಾವಿರ ಚಿಲ್ಲರೆ. ಎರಡು ಲಕ್ಷದ ಅಂತರ ತೀರಲು ಒಂಬತ್ತು ವರ್ಷ ನಾಲ್ಕು ತಿಂಗಳು. ಇಂದಿನ ರೂಪಾಯಿ, ನಾಳಿನ ರೂಪಾಯಿ ಒಂದೇ ಅಲ್ಲ ಅನ್ನುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಎಫ್‌ಡಿಯ ಬಡ್ಡಿ ಶೇ. 7 ಅಂತ ಹಿಡಿದು ಮತ್ತೆ ಲೆಕ್ಕ ಹಾಕಿದರೆ ಹದಿನೈದೂವರೆ ವರ್ಷ ದಾಟಿತು. ಅದನ್ನು ಅಪ್ಪನಿಗೆ ತೋರಿಸಲಿಲ್ಲ. ಮೊದಲನೆಯದನ್ನೇ ತೋರಿಸಿ, ಪೆಟ್ರೋಲ್ ಬೆಲೆ ಏರಿದರೆ ಇನ್ನೂ ಬೇಗ ತೀರುತ್ತದೆ ಎಂದೆ. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇದೆ ಎಂದೆ. ಮಾವನ ಕಾರಿಗೆ ಅದರಲ್ಲಿ ಐದು ಉಳಿದಿದೆ ಎಂದು ಅಪ್ಪ ತಿದ್ದಿದರು.

ಆಮೇಲೆ ಕನ್ನಡಕ ಏರಿಸಿಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು, ಉತ್ತರಪತ್ರಿಕೆ ನೋಡುವ ಹಾಗೆ. "ಈ ವರ್ಷ ಅಂತ ಇರುವ ಕಡೆ ಎಷ್ಟು ಹಾಕಿದ್ದೀಯ?"

"ಹತ್ತು."

ಅವರು ಏನೂ ಹೇಳಲಿಲ್ಲ. ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಬೆಂಕಿ ನೋಡಿ ಬರುತ್ತೇನೆಂದು ಎದ್ದುಹೋದರು.

ವಾರಕ್ಕೆ ಎರಡು ಸಲದಂತೆ ಹತ್ತು ವರ್ಷ. ನಾನು ಅದನ್ನು ಒಂದು ಅಂಕಿ ಅಂತಲೇ ಹಾಕಿದ್ದೆ. ಎಲ್ಲರೂ ಹತ್ತು ಹಾಕುತ್ತಾರೆ, ಗುಣಿಸಲು ಸುಲಭ. ಅಪ್ಪ ಎದ್ದುಹೋದ ಮೇಲೆ ಆ ಕೋಶವನ್ನು ನೋಡುತ್ತಾ ಕೂತೆ. ಅಮ್ಮ ಹತ್ತು ವರ್ಷ ಹೀಗೇ ಮಂಗಳವಾರ-ಶುಕ್ರವಾರ ಹೋಗಿ ಬಂದರೆ ಮಾತ್ರ ಈ ಕಾರು ತನ್ನ ದುಡ್ಡು ತಾನು ದುಡಿಯುತ್ತದೆ. ಅದಕ್ಕೆ ಮೊದಲೇ ಕಿಡ್ನಿ ಸಿಕ್ಕಿತೋ, ಓಡಾಟ ನಿಲ್ಲುತ್ತದೆ, ಕಾರು ನಷ್ಟ. ಇನ್ನೊಂದು ರೀತಿಯಲ್ಲಿ ಓಡಾಟ ನಿಂತರೂ ನಷ್ಟ, ಆ ಸಾಲನ್ನು ನಾನು ಬರೆಯಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ದೇವರಲ್ಲಿ ಬೇಡಿಕೊಳ್ಳುತ್ತಿದ್ದದ್ದು ನನ್ನ ಲೆಕ್ಕ ಸುಳ್ಳಾಗಲಿ ಅಂತ. ನಾನು ಅದನ್ನು ಸರಿಮಾಡಲು ಕೂತಿದ್ದೆ.

ಕಿಡ್ನಿಯ ವಿಷಯ ಹೀಗೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ. ನನ್ನ ರಕ್ತದ ಗುಂಪು ಹೊಂದುತ್ತದೆ. "ನಿನ್ನದು ನನಗೆ ಬೇಡ" ಎಂದು ಅಮ್ಮ ಹೇಳಿದಳು. ಕಾರಣ ಕೇಳಿದರೆ ಮದುವೆ, ಮಕ್ಕಳು ಅಂತ ಏನೇನೋ ಹೇಳುತ್ತಾಳೆ. ಈ ಜಗಳ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲವಾದ್ದರಿಂದ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಸದ್ಯಕ್ಕೆ ರಾಜ್ಯದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಸೇರಿದೆ. ಮಿದುಳು ನಿಷ್ಕ್ರಿಯಗೊಂಡ ಯಾರದೋ ಮನೆಯವರು ಒಪ್ಪಿ, ಗುಂಪು ಹೊಂದಿ, ಸರದಿ ಬಂದರೆ ಫೋನು ಬರುತ್ತದೆ. ಹಗಲೋ ರಾತ್ರಿಯೋ ಹೇಳಲಾಗದು. ಬಂದರೆ ತಕ್ಷಣ ಹೊರಡಬೇಕು. ಶಸ್ತ್ರಚಿಕಿತ್ಸೆಗೆ, ಆಮೇಲೆ ಬದುಕಿಡೀ ನುಂಗಬೇಕಾದ ಮಾತ್ರೆಗೆ ಕೈಯಲ್ಲಿ ದುಡ್ಡಿರಬೇಕು.

ಮಾವ ಹೊರಡುವ ಮುಂಚೆ ಅಪ್ಪ ಕಾರನ್ನು ಪೇಟೆಯ ಗ್ಯಾರೇಜಿಗೆ ಒಯ್ದಿದ್ದರು. ನಮ್ಮ 800ಅನ್ನು ಇಪ್ಪತ್ತು ವರ್ಷ ಜೀವಂತ ಇಟ್ಟವರು ಅಲ್ಲಿಯ ಯಜಮಾನರು. ತಂತಿ, ಸಾಬೂನಿನ ಚೂರು, ಹಳೇ ಟ್ಯೂಬಿನ ತುಂಡಿನಲ್ಲಿ ಅವರು ಸರಿಮಾಡದ್ದಿಲ್ಲ. ಬಾನೆಟ್ ಎತ್ತಿ, ಒಳಗಿನ ದಪ್ಪ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ನೋಡಿ, ಕೈ ಹಿಂದೆ ಕಟ್ಟಿಕೊಂಡರಂತೆ. ಆ ಬಣ್ಣವಿದ್ದರೆ ಹೈವೋಲ್ಟೇಜು, ಮುಟ್ಟಬಾರದು. "ಒಳ್ಳೇ ಗಾಡಿ ಮೇಷ್ಟ್ರೇ. ಆದರೆ ರಾತ್ರಿ ಎರಡು ಗಂಟೆಗೆ ನೀವು ಫೋನ್ ಮಾಡಿದರೆ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ."

ಅಪ್ಪನ ತೀರ್ಮಾನಕ್ಕೆ ಈ ಮಾತು ಕಾರಣವೋ, ಉಳಿಯುವ ಎರಡು ಲಕ್ಷ ಕಾರಣವೋ, ಭಾವಮೈದನ ಹಂಗು ಬೇಡ ಅನ್ನುವ ಹಟವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೂರೂ ಇರಬೇಕು. ಹಂಗಿನದೇ ಪಾಲು ಹೆಚ್ಚು ಅಂತ ನನ್ನ ಅನುಮಾನ. ನಾನು ಫೋನಿನಲ್ಲಿ ಕಿರುಚಾಡಿದೆ. "ಅಮ್ಮ ಘಟ್ಟದಲ್ಲಿ ಮಲಗಿದ್ದು ನೀವು ನೋಡಲಿಲ್ವಾ?" ಎಂದೆ. "ನೋಡಿದೆ" ಎಂದರು. ನವೆಂಬರಿನಲ್ಲಿ ಸಣ್ಣ ಕಾರು ಬಂತು. ಮಾವ ಎರಡು ವಾರ ಅಪ್ಪನ ಫೋನು ಎತ್ತಲಿಲ್ಲ.

ನಾನು ಹೆದರಿದ ಹಾಗೆಯೇ ಆಯಿತು. ಈ ಸಣ್ಣ ಆಟೋಮ್ಯಾಟಿಕ್ಕುಗಳಲ್ಲಿ ಒಳಗಿರುವುದು ಮಾಮೂಲು ಗೇರುಪೆಟ್ಟಿಗೆಯೇ. ಕ್ಲಚ್ಚನ್ನು ನಮ್ಮ ಬದಲು ಯಂತ್ರ ಒತ್ತುತ್ತದೆ. ಗೇರು ಬದಲಾಗುವಾಗ ಒಂದು ಕ್ಷಣ ಎಳೆತ ತಪ್ಪಿ, ಕೂತವರ ತಲೆ ಮುಂದಕ್ಕೆ ತೂಗುತ್ತದೆ. ಆರೋಗ್ಯವಂತರಿಗೆ ಅದು ಲೆಕ್ಕಕ್ಕಿಲ್ಲ. ಬಿಪಿ ಇಳಿದು ಹೊಟ್ಟೆ ತೊಳಸುವ ಅಮ್ಮನಿಗೆ ಮೊದಲ ವಾರ ತೀರ್ಥಹಳ್ಳಿ ಮುಟ್ಟುವುದರೊಳಗೆ ಎರಡು ಸಲ ವಾಂತಿ. ನಾನು ಮತ್ತೆ ಫೋನು ಮಾಡಿದೆ. ಗೆದ್ದವಳ ದನಿ ನನ್ನದು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಪ್ಪ ಆ ವಾರ ಬುಧವಾರ, ಗುರುವಾರ ಖಾಲಿ ಕಾರು ತೆಗೆದುಕೊಂಡು ಒಬ್ಬರೇ ರಸ್ತೆಗೆ ಹೋದರಂತೆ. ಪಕ್ಕದ ಸೀಟಿನ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರು. ಎಂಜಿನ್ನಿನ ದನಿ ಕೇಳಿ, ಗೇರು ಬದಲಾಗುವ ಕ್ಷಣಕ್ಕೆ ಸರಿಯಾಗಿ ಆಕ್ಸಿಲರೇಟರಿನಿಂದ ಕಾಲನ್ನು ತುಸು ಎತ್ತಿದರೆ ತೂಗಾಟ ಇರುವುದಿಲ್ಲ ಎಂದು ಕಂಡುಕೊಂಡರು. ಲೋಟದ ನೀರು ಚೆಲ್ಲದ ಹಾಗೆ ಎರಡು ದಿನ ಅಭ್ಯಾಸ ಮಾಡಿದರು. ಅರುವತ್ತೆರಡನೆಯ ವಯಸ್ಸಿಗೆ. ಇದನ್ನು ಹೇಳಿದ್ದೂ ಅಮ್ಮನೇ. ಅಪ್ಪನಿಗೆ ಗೊತ್ತಾಗದ ಹಾಗೆ, ದನಿ ತಗ್ಗಿಸಿ.

ಜನವರಿಯಲ್ಲಿ ಊರಿಗೆ ಹೋಗಿದ್ದಾಗ ಒಂದು ಶುಕ್ರವಾರ ಜೊತೆಗೆ ಹೋದೆ. ಬರುವಾಗ ಅಮ್ಮ ಗಾಜನೂರಿನಿಂದ ಮಂಡಗದ್ದೆ ತನಕ ಕಣ್ಣು ಮುಚ್ಚಿದ್ದಳು. ನಿದ್ದೆಯೋ, ನಮಗೆ ಸಮಾಧಾನವಾಗಲಿ ಎಂದೋ, ಕೇಳಲಿಲ್ಲ. ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಶಾಲೆಯ ಹಳೇ ನೋಟ್‌ಬುಕ್ಕು. ಅದರಲ್ಲಿ ದಿನಾಂಕ, ಕಿಲೋಮೀಟರು, ಲೀಟರು. ಸರಾಸರಿ 19.2 ಬರುತ್ತಿದೆ. ನಾನು ಹಿಡಿದಿದ್ದ 18 ತಪ್ಪು.

ತೀರ್ಥಹಳ್ಳಿಯ ಬಂಕಿನಲ್ಲಿ ಅಪ್ಪ ಗಾಡಿ ತಿರುಗಿಸಿದರು. ಮುಳ್ಳು ಅರ್ಧಕ್ಕಿಂತ ಮೇಲೇ ಇತ್ತು. ನಾಳೆ ಹಾಕಿಸಿದರಾಗದೇ ಎಂದೆ. "ಅರ್ಧಕ್ಕೆ ಇಳಿಯಲು ಬಿಡುವುದಿಲ್ಲ ನಾನು" ಎಂದರು. ಮನೆ ಮುಟ್ಟಿದ ಮೇಲೆ ಅಮ್ಮನನ್ನು ಇಳಿಸಿ, ಅಂಗಳದಲ್ಲಿ ಹಿಂದೆ ಮುಂದೆ ಮಾಡಿ, ಕಾರಿನ ಮೂತಿಯನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು.